ತುಪ್ಪದ ಡಬ್ಬದ ಚೀನೀ ಪಿಟೀಲು

ಹೊಟ್ಟೆಕಿಚ್ಚಿಗೆ ದೂರದವರು ಆಗಿಬರುವುದಿಲ್ಲ. ತುಂಬಿದ ಸಭೆಯಲ್ಲಿ ಪಿಟೀಲು ನುಡಿಸುವ ವಿದ್ವಾಂಸರನ್ನು ಕಂಡರೆ ನಾನು ಕೈ ಮುಗಿಯುತ್ತೇನೆ. ನನ್ನ ಹೊಟ್ಟೆ ಉರಿಯುವುದು ವಿಜಯನಗರದ ನಮ್ಮ ಮನೆಯ ಮಹಡಿಯಲ್ಲಿರುವ ನಾಗರಾಜಪ್ಪನವರನ್ನು ಕಂಡಾಗ. ಲೇತ್ ಕೆಲಸ ಮಾಡಿ ನಿವೃತ್ತರಾದವರು. ಅವರಿಗೂ ಸರಿಗಮಕ್ಕೂ ಮೊನ್ನೆಮೊನ್ನೆಯವರೆಗೆ ಮುಖಪರಿಚಯವೂ ಇರಲಿಲ್ಲ.

ನಾನು ಹನ್ನೊಂದು ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ಕಲಿತಾಯಿತು ಎಂದು ಹೇಳುವ ಧೈರ್ಯ ನನ್ನ ಮೇಷ್ಟರಿಗೂ ಇಲ್ಲ. ಫೋನಿನಲ್ಲಿ ಯಾರಾದರೂ ವಿಚಾರಿಸಿದರೆ ನನ್ನ ಹೆಂಡತಿ ವನಜ, ಒಳಗೆ ಕುಯ್ತಾ ಇದಾರೆ ಅನ್ನುತ್ತಾಳೆ. ವೀಣೆಯನ್ನು, ಕೊಳಲನ್ನು ಜನ ನುಡಿಸುತ್ತಾರೆ. ಪಿಟೀಲನ್ನು ಮಾತ್ರ ಕುಯ್ಯುತ್ತಾರೆ. ಸುಮ್ಮನೆ ತಲೆ ತಿನ್ನುವವನಿಗೂ ಪಿಟೀಲು ಕುಯ್ತಾನೆ ಅನ್ನುವುದುಂಟು. ಅವಳದು ಯಾವ ಅರ್ಥವೋ, ನಾನು ಕೇಳಿಲ್ಲ. ಒಂದು ದಿನವಾದರೂ ಅವಳ ಬಾಯಿಂದ 'ನುಡಿಸ್ತಾರೆ' ಎಂಬ ಮಾತು ಬರಲಿ ಎಂದು ಕಾದಿದ್ದೆ.

ಬಂತು, ಮಹಡಿಯವರ ಪಾಲಿಗೆ. ನಾಗರಾಜಪ್ಪನವರು ಯಾವುದೋ ವಿಡಿಯೋ ನೋಡಿ ಚೀನಾದವರ ಎರಡು ತಂತಿಯ ಪಿಟೀಲು ಮಾಡಿದರು. ಖಾಲಿ ತುಪ್ಪದ ಡಬ್ಬ, ಅದಕ್ಕೆ ಸಿಕ್ಕಿಸಿದ ಮಾಪಿನ ಕೋಲು, ಬಿದಿರಿನ ಸೀಳನ್ನು ಬಗ್ಗಿಸಿ ಗಾಳದ ದಾರ ಕಟ್ಟಿದ ಕಮಾನು. ಡಬ್ಬ ಕೊಟ್ಟವಳು ವನಜ. ಹಳೆಯ ತಂತಿ ಕೊಟ್ಟವನು ನಾನೇ, ಅದೂ ಉದಾರವಾಗಿ. ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಅವರು ಎಳೆದರೆ, ಸುಳ್ಳು ಹೇಳಬಾರದು, ಯಾರೋ ಕಣ್ಣು ಮುಚ್ಚಿ ಗುನುಗಿದಂತೆ ಕೇಳುತ್ತದೆ. ವನಜ ಸೌಟು ಹಿಡಿದೇ ನಿಂತು, "ಎಷ್ಟು ಚೆನ್ನಾಗಿ ನುಡಿಸ್ತಾರೆ ಅಲ್ವಾ" ಅಂದಳು. ಒಗ್ಗರಣೆ ಸೀದುಹೋಯಿತು, ನನ್ನ ಹೊಟ್ಟೆಯ ಜೊತೆಗೆ.

ಮರುದಿನ ಅವಳು ಮಾರ್ಕೆಟ್ಟಿಗೆ ಹೋದಾಗ ನಾನೂ ಗುಟ್ಟಾಗಿ ಕೂತೆ. ಇದ್ದ ತುಪ್ಪವನ್ನು ಬೋಗುಣಿಗೆ ಬಗ್ಗಿಸಿ ಡಬ್ಬ ತೊಳೆದೆ, ನಮ್ಮ ಮಾಪಿನ ತಲೆ ಕಿತ್ತೆ, ತಂತಿ ಬಿಗಿದೆ, ಕಮಾನು ಕಟ್ಟಿದೆ. ಹನ್ನೊಂದು ವರ್ಷದ ಅಭ್ಯಾಸದಂತೆ ತಂತಿಗಳ ಮೇಲೆ ಎಳೆದರೆ ಹೊರಗಿನ ತಂತಿ ಕಿರುಗುಟ್ಟಿತು, ಅದರ ಹಿಂದೆ ಅಡಗಿದ ಒಳಗಿನದು ಕಮಾನಿಗೆ ಸಿಗಲೇ ಇಲ್ಲ. ಎಷ್ಟು ತಿಣುಕಿದರೂ ಅಷ್ಟೇ. ಕೊನೆಗೆ ಮಾನ ಬಿಟ್ಟು ಮಹಡಿ ಹತ್ತಿದೆ.

ನಾಗರಾಜಪ್ಪನವರು ನಗಲಿಲ್ಲ, ನಕ್ಕಿದ್ದರೆ ಅವರನ್ನು ಬೈದುಕೊಳ್ಳುವುದು ಸುಲಭವಾಗುತ್ತಿತ್ತು. "ದಾರಾನ ಎರಡು ತಂತಿ ಮಧ್ಯೆ ತೂರಿಸಿ ಆಮೇಲೆ ಗಂಟು ಹಾಕ್ಬೇಕು ಸಾರ್. ನೀವು ಪಿಟೀಲು ಬಲ್ಲೋರು ನೋಡಿ, ಅದಕ್ಕೇ ತಪ್ಪಿದ್ದು" ಎಂದು ತಮ್ಮದನ್ನೇ ನನ್ನ ಕೈಗಿತ್ತು ಕಾಫಿ ಮಾಡಲು ಒಳಗೆ ಹೋದರು. ಮೊದಲು ತಡವರಿಸಿದೆ. ಆಮೇಲೆ ಬೆರಳುಗಳು ಹೇಗೋ ಜಾಗ ಹುಡುಕಿಕೊಂಡವು. ಅರ್ಧ ಗಂಟೆ ನನಗೆ ಲೋಕದ ಪರಿವೆ ಇರಲಿಲ್ಲ, ಕಾಫಿ ಆರಿಹೋಗಿತ್ತು.

ಕೆಳಗಿಳಿದಾಗ ವನಜ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕಣ್ಣಂಚು ಒದ್ದೆಯಾಗಿತ್ತು. "ಇವತ್ತು ನಾಗರಾಜಪ್ಪನವರು ಎಂಥಾ ಚೆನ್ನಾಗಿ ನುಡಿಸಿದ್ರು ಗೊತ್ತಾ? ನೀವೂ ಇದೀರ, ಬರೀ ಕುಯ್ತೀರ" ಅಂದಳು. ನುಡಿಸಿದ್ದು ನಾನೇ ಎಂದೆ. ತಲೆಯಿಲ್ಲದ ಮಾಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನಂಬಲಿಲ್ಲ.

ಅಂದಿನಿಂದ ನಾಗರಾಜಪ್ಪನವರ ಮೇಲಿನ ಹೊಟ್ಟೆಕಿಚ್ಚು ಇಳಿದಿದೆ. ಈಗ ನನಗೆ ಹೊಟ್ಟೆ ಉರಿಯುವುದು ಆ ಅರ್ಧ ಗಂಟೆ ಮಹಡಿಯಲ್ಲಿ ಕೂತು ನುಡಿಸಿದನಲ್ಲ, ಅವನನ್ನು ನೆನೆದಾಗ.