ನಾಲ್ಕಾಣೆಯೊಳಗೆ ಐದು ತೂತು

ನಮ್ಮ ಕಾಕಾ ಈವರೆಗೆ ಹಾರಿಸಿದ ಗುಂಡುಗಳನ್ನೆಲ್ಲ ಒಟ್ಟುಮಾಡಿದರೆ ಒಂದು ಸಣ್ಣ ಯುದ್ಧವನ್ನೇ ಮುಗಿಸಬಹುದಿತ್ತು. ಆದರೆ ಅವರ ಕೈಯಿಂದ ಒಂದು ಗುಬ್ಬಿಯ ಪುಕ್ಕವೂ ಉದುರಿಲ್ಲ. ಗುರಿ ಅಷ್ಟು ಕೆಟ್ಟದ್ದೇ ಎಂದು ಕೇಳಬೇಡಿ. ಅವರು ಪ್ರಾಣಿ-ಪಕ್ಷಿಗೆ ಗುರಿ ಇಡುವ ಹಂತಕ್ಕೇ ಬಂದಿಲ್ಲ. ಹನ್ನೊಂದು ವರ್ಷದಿಂದ, ಅಗ್ಗದ ಗುಂಡುಗಳಲ್ಲಿ ಯಾವ ಡಬ್ಬಿಯದು ಒಳ್ಳೆಯದು ಎಂಬ ಪರೀಕ್ಷೆಯೇ ನಡೆದಿದೆ!

ಕಾಕಾ ನೌಕರಿ ಮಾಡಿದ್ದು ತೂಕ-ಅಳತೆಯ ಇಲಾಖೆಯಲ್ಲಿ. ಸಂತೆಯಿಂದ ಸಂತೆಗೆ ಹೋಗಿ ತಕ್ಕಡಿ, ಕಲ್ಲು, ಲೀಟರು ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಜಪ್ತಿ ಮಾಡುವುದು. ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದವರನ್ನು ಮೂವತ್ತು ವರ್ಷ ಹಿಡಿದರು. ಅವರನ್ನು ಕಂಡರೆ ಅಣ್ಣಿಗೇರಿಯ ಮೆಣಸಿನಕಾಯಿ ವ್ಯಾಪಾರಿಗಳು ಹೆದರಿ ಒಂದು ಮುಷ್ಟಿ ಹೆಚ್ಚಿಗೆ ಹಾಕುತ್ತಿದ್ದರಂತೆ. ಅದಕ್ಕೂ ಬೈಗುಳ ತಪ್ಪುತ್ತಿರಲಿಲ್ಲ. "ಹೆಚ್ಚ ಹಾಕೂದೂ ತಪ್ಪ ತೂಕಾನ. ತಗಿ ಅದನ್ನ" ಎನ್ನುತ್ತಿದ್ದರಂತೆ.

ನಿವೃತ್ತರಾಗಿ ಕಲಘಟಗಿಯ ಹತ್ತಿರದ ನಮ್ಮೂರಿಗೆ ಬಂದು ಗೋವಿನಜೋಳ ಹಾಕಿದರು. ಜೋಳಕ್ಕಿಂತ ಮೊದಲು ಮಂಗಗಳು ಬಂದವು. ಹೆದರಿಸಲು ಹುಬ್ಬಳ್ಳಿಯಿಂದ ಒಂದು ಏರ್ ರೈಫಲ್ ತಂದರು, ಜೊತೆಗೆ ಸೀಸದ ಸಣ್ಣ ಗುಂಡುಗಳ ಒಂದು ಡಬ್ಬಿ. ಮೊದಲ ದಿನವೇ ಒಂದು ದೊಡ್ಡ ಮಂಗ ಬದುವಿನ ಮೇಲೆ ಕುಳಿತು ನಿಧಾನವಾಗಿ ತೆನೆ ಸುಲಿಯತೊಡಗಿತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅವಸರ ಮಾಡಿದಳು.

"ಏನ್ರಿ, ಬಾಜೂಕ ಒಂದ ಹಾರಿಸ್ರಿ. ಓಡಿ ಹೋಗತೈತಿ."

"ತಡಿ. ಈ ಡಬ್ಬ್ಯಾಗ ಒಂದರ ತೂಕ ಇನ್ನೊಂದಕ್ಕ ಇಲ್ಲ. ಬಾಜೂಕ ಅಂತ ಹೊಡದದ್ದು ಮೈಗೆ ಬಿತ್ತಂದ್ರ? ಮಂಗ್ಯಾಗ ಅನ್ಯಾಯ ಆಗತೈತಿ."

ಮಂಗ ನ್ಯಾಯವಾಗಿ ನಾಲ್ಕು ತೆನೆ ತಿಂದು ಹೋಯಿತು. ಕಾಕಾ ಮರುದಿನದ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಇನ್ನೂ ಎರಡು ಬಗೆಯ ಅಗ್ಗದ ಗುಂಡು ತಂದರು. ಕೆಂಪು ಡಬ್ಬಿ, ನೀಲಿ ಡಬ್ಬಿ, ಮತ್ತು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ, ಹೆಸರೂ ಇಲ್ಲದ ಬಿಡಿ ಮಾಲು. ದುಬಾರಿ ಗುಂಡು ತರಬಾರದೇ ಎಂದು ನಾನು ಕೇಳಿದ್ದುಂಟು. "ತುಟ್ಟೀದು ಚಲೋ ಇರತೈತಿ ಅಂತ ಎಲ್ಲಾರಿಗೂ ಗೊತ್ತೈತಿ. ಅದರಾಗ ಪರೀಕ್ಷಾ ಏನು ಬಂತು? ಅಗ್ಗದ್ದರಾಗ ಪ್ರಾಮಾಣಿಕ ಯಾವುದು, ಅದನ್ನ ಹುಡುಕಬೇಕು" ಎಂದರು.

ಹುಡುಕುವ ಕ್ರಮ ಹೀಗೆ. ಗುಂಡುಗಳಿಗೆ ಮೊದಲು ಸಾಬೂನಿನ ನೀರಿನಲ್ಲಿ ಸ್ನಾನ. ಆಮೇಲೆ ಅಂಗಳದಲ್ಲಿ ಒಣಗಿಸುವುದು, ಅದೂ ಚಿಗವ್ವ ಅದಕ್ಕೆಂದೇ ತೆಗೆದಿಟ್ಟ ಹಳೆಯ ಮೊರದಲ್ಲಿ. ಏಕೆಂದರೆ ಒಮ್ಮೆ ಸಂಡಿಗೆಯ ಮೊರದಲ್ಲೇ ಹರವಿದ್ದಕ್ಕೆ ಅವಳು ಆ ವರ್ಷದ ಸಂಡಿಗೆಯನ್ನೆಲ್ಲ ತಿಪ್ಪೆಗೆ ಸುರಿದು ಎರಡು ದಿನ ಮಾತು ಬಿಟ್ಟಿದ್ದಳು. ಒಣಗಿದ ಮೇಲೆ ತೂಕ. ಪತ್ತಾರರು ಬಂಗಾರ ತೂಗುವಂಥ ಪುಟ್ಟ ಯಂತ್ರ, ಮುಚ್ಚಿದ ಕಿಟಕಿ, ನಿಂತ ಫ್ಯಾನು. ಮಿಕ್ಸರ್ ಹಚ್ಚಿದರೆ ಮೇಜು ನಡುಗುತ್ತದೆಂದು ಚಟ್ನಿಯೂ ಬಂದ್. ಎಷ್ಟೋ ಭಾನುವಾರ ನಾನು ಆ ಮನೆಯಲ್ಲಿ ಬರೀ ರೊಟ್ಟಿ-ಮೊಸರು ಉಂಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಆದ್ದರಿಂದ ಸರಾಸರಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಲ ಗೋಡೆಗೆ ಮರಳು ತುಂಬಿದ ಒಂದು ಚೀಲ, ಅದರ ಮೇಲೆ ಒಂದು ಲಗ್ನಪತ್ರಿಕೆ, ಹತ್ತು ಮೀಟರು ದೂರದಲ್ಲಿ ಕಾಕಾನ ಕುರ್ಚಿ. ಒಂದು ಪತ್ರಿಕೆಗೆ ಐದು ಗುಂಡು. ಐದೂ ತೂತು ಹಳೆಯ ನಾಲ್ಕಾಣೆ ನಾಣ್ಯದ ಅಡಿಗೆ ಮುಚ್ಚಿಹೋದರೆ ಉತ್ತಮ. ಎಂಟಾಣೆಗೆ ಮುಚ್ಚಿದರೆ ಮಧ್ಯಮ. ರೂಪಾಯಿ ಬೇಕಾದರೆ ಕಳಪೆ. ನೀಲಿ ಡಬ್ಬಿ ನಾಲ್ಕಾಣೆ, ಕೆಂಪು ಡಬ್ಬಿ ಎಂಟಾಣೆ. ಬಿಡಿ ಮಾಲಿನ ಎದುರು ಕಾಕಾ ರಿಜಿಸ್ಟರಿನಲ್ಲಿ ಸುಂದರ ಅಕ್ಷರದಲ್ಲಿ ಬರೆದದ್ದು, "ಚಪಾತಿ".

ಲಗ್ನಪತ್ರಿಕೆಯೇ ಯಾಕೆ? ದಪ್ಪ ಕಾಗದದಲ್ಲಿ ತೂತು ಸ್ವಚ್ಛವಾಗಿ ಬೀಳುತ್ತದೆ ಎಂದು. ಒಂದು ಸಲ ಬಾಜೂ ಮನೆಯ ಮಾಸ್ತರರು ಚಹಾಕ್ಕೆ ಬಂದವರು ಮೇಜಿನ ಮೇಲೆ ತಮ್ಮ ಮಗಳ ಪತ್ರಿಕೆಯನ್ನು ನೋಡಿಬಿಟ್ಟರು.

"ಏನ್ರಿ ಸಾಹೇಬ್ರ, ನನ್ನ ಮಗಳ ಲಗ್ನಪತ್ರಿಕಿಗೆ ಗುಂಡ ಹೊಡದೀರೇನ್ರಿ?"

ಬೇರೆಯವರಾದರೆ ನಾಚಿ ಸಾಯುತ್ತಿದ್ದರು. ಕಾಕಾ ಶಾಂತವಾಗಿ ನಾಲ್ಕಾಣೆ ತೆಗೆದು ತೂತುಗಳ ಮೇಲಿಟ್ಟರು. "ನೋಡ್ರಿ ಮಾಸ್ತರ, ಐದೂ ಒಳಗ. ಇಷ್ಟ ಗಟ್ಟಿ ಕಾಗದ ಈ ಸೀಜನ್ನಿನಾಗ ಯಾರೂ ಹಾಕಿಸಿಲ್ಲ. ಬ್ಯಾರೆಯವರ ಪತ್ರಿಕಿ ಹರೀತಾವ."

ಮಾಸ್ತರರು ಪತ್ರಿಕೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮರುದಿನ ಮನೆಯಲ್ಲಿ ಉಳಿದಿದ್ದ ಪತ್ರಿಕೆಗಳ ಇಡೀ ಕಟ್ಟನ್ನು ತಾವೇ ತಂದುಕೊಟ್ಟು, "ಸುಮ್ನ ಬಿದ್ದಿದ್ದೂವ್ರಿ" ಎಂದರು. ಅಂದಿನಿಂದ ನಮ್ಮ ಪರೀಕ್ಷೆಗೆ ಒಂದೇ ಬಗೆಯ ಕಾಗದ ಸಿಕ್ಕಿತು, ಕಾಕಾನ ಸಂತೋಷ ಹೇಳತೀರದು.

ಇದೆಲ್ಲ ಹೀಗೇ ನಡೆಯಬೇಕಿತ್ತು. ಆದರೆ ಎರಡು ವರ್ಷದ ಹಿಂದೆ ನೀಲಿ ಡಬ್ಬಿ ಕೆಟ್ಟಿತು. ನಾಲ್ಕಾಣೆಯಿದ್ದದ್ದು ಎಂಟಾಣೆಯಾಯಿತು, ರೂಪಾಯಿಯಾಯಿತು, ಕೊನೆಗೆ ಅದೂ ಚಪಾತಿಯ ಸಾಲಿಗೆ ಬಂತು. ಕಾಕಾ ಕಂಪನಿಗೆ ಐದು ಪುಟದ ಪತ್ರ ಬರೆದರು. ಸರಾಸರಿ ತೆಗೆಯುತ್ತ ಕುಳಿತ ನಾನು ಮಾತ್ರ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ನೀಲಿ ಕೆಟ್ಟ ತಿಂಗಳಲ್ಲೇ ಕೆಂಪೂ ಕೆಟ್ಟಿತ್ತು, ಬಿಡಿ ಮಾಲೂ ಅಷ್ಟೇ ಹದಗೆಟ್ಟಿತ್ತು. ಮೂರೂ ಗುಂಡು ಒಂದೇ ಸಮನೆ ಕೆಟ್ಟರೆ ಕೆಟ್ಟದ್ದು ಗುಂಡಲ್ಲ ಎಂಬುದನ್ನು ಎಂಟನೆಯ ಇಯತ್ತೆಯ ಮಗುವೂ ಹೇಳುತ್ತದೆ. ಆ ಸಂಜೆ ಚಹಾ ಕುಡಿಯುವಾಗ ಕಾಕಾನ ಕೈಯಲ್ಲಿ ಕಪ್ಪು-ಬಸಿ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ನಾನು ಹೇಳಲಿಲ್ಲ. ಹೇಗೆ ಹೇಳಲಿ? ಜೀವನವಿಡೀ ಬೇರೆಯವರ ತಕ್ಕಡಿಯ ಮುಳ್ಳು ಅಲ್ಲಾಡುವುದನ್ನು ನೋಡಿದ ಮನುಷ್ಯನಿಗೆ, ಈಗ ಅಲ್ಲಾಡುತ್ತಿರುವುದು ನಿಮ್ಮ ಕೈ ಎಂದು ಹೇಳುವುದೇ? ಡಾಕ್ಟರರು, ಇದು ವಯಸ್ಸಿನದು, ಪೂರ್ತಿ ಹೋಗುವುದಿಲ್ಲ ಎಂದು ಚಿಗವ್ವನಿಗೆ ಹೇಳಿದ್ದರಂತೆ. ಕಾಕಾ ಆ ರೈಫಲ್ ಕೆಳಗಿಟ್ಟ ದಿನ ಊಟವನ್ನೂ ಬಿಡುತ್ತಾರೆ, ಮಾತನ್ನೂ ಬಿಡುತ್ತಾರೆ ಎಂದು ನಮ್ಮಿಬ್ಬರಿಗೂ ಹೆದರಿಕೆ.

ಆಗಲೇ ದೀಪಾವಳಿಯ ನಂತರ ಪವಾಡವೊಂದು ನಡೆಯಿತು. ನೀಲಿ ಡಬ್ಬಿ ಸುಧಾರಿಸಿತು! ಐದಕ್ಕೆ ಐದು ನಾಲ್ಕಾಣೆಯೊಳಗೆ. "ನೋಡಿದೇನು, ಪತ್ರ ಮುಟ್ಟೇತಿ" ಎಂದು ಕಾಕಾ ಊರೆಲ್ಲ ಹೇಳಿದರು. ಅವರಿಗೆ ಮೊಣಕಾಲು ನೋವು. ಆದ್ದರಿಂದ ಪತ್ರಿಕೆಯನ್ನು ಚೀಲದಿಂದ ಬಿಡಿಸಿ ತರುವುದು ಚಿಗವ್ವನ ಕೆಲಸವಾಗಿತ್ತು. ಮರಳಿನ ಚೀಲ ಮಾತ್ರ ಒಂದಿದ್ದದ್ದು ಆರಾಗಿತ್ತು. ಯಾಕೆ ಎಂದು ಚಿಗವ್ವನನ್ನು ಕೇಳಿದರೆ, "ಇರ್ಲಿ ಬಿಡವಾ, ಗ್ವಾಡಿಗೆ ಆಸರಾ" ಎಂದಳು.

ಒಂದು ಭಾನುವಾರ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಕಾಕಾ ಐದು ಹೊಡೆದರು. ಚಿಗವ್ವ ಕಾಕಾನಿಗೆ ಬೆನ್ನು ಮಾಡಿ ನಿಂತು, ಚೀಲದ ಮೇಲಿನ ಪತ್ರಿಕೆಯನ್ನು ಸೆರಗಿನೊಳಗೆ ಸೇರಿಸಿ, ಸೆರಗಿನೊಳಗಿಂದ ಇನ್ನೊಂದನ್ನು ತೆಗೆದಳು. ಅದೇ ಕಟ್ಟಿನದು, ಅದೇ ಮಾಸ್ತರರ ಮಗಳದು. ಆಮೇಲೆ ಅವಳು ಕೌದಿ ಹೊಲಿಯಲು ಕಟ್ಟಿಟ್ಟ ಗಂಟಿನಲ್ಲಿ ನೋಡಿದೆ. ಚಿಂದಿ ಬಟ್ಟೆಗಳ ನಡುವೆ ಎಲ್ಲೆಲ್ಲೋ ತೂತಾದ ಪತ್ರಿಕೆಗಳು, ಅವುಗಳ ಜೊತೆ ಚೀಲ ಹೊಲಿಯುವ ದಬ್ಬಣ. ನಾನು ಗಂಟು ಕಟ್ಟಿ ಇದ್ದಲ್ಲೇ ಇಟ್ಟೆ.

ಮುಂದಿನ ವಾರ ಎದೆ ಒಡೆಯುವಂಥದ್ದಾಯಿತು. ಕಾಕಾ ನಾಲ್ಕು ಗುಂಡು ಹೊಡೆದರು. ಐದನೆಯದು ನಡುಗುವ ಬೆರಳಿನಿಂದ ಜಾರಿ ಹುಲ್ಲಿನಲ್ಲಿ ಬಿತ್ತು, ಸಿಗಲಿಲ್ಲ. ಒಳಗಿದ್ದ ಚಿಗವ್ವನಿಗೆ ಅದು ಗೊತ್ತಿಲ್ಲ. ಅವಳು ಬಂದು ತಂದುಕೊಟ್ಟ ಪತ್ರಿಕೆಯಲ್ಲಿ ಐದು ತೂತು.

ಕಾಕಾ ನಾಲ್ಕಾಣೆ ಇಟ್ಟು ನೋಡಿದರು. "ನೀಲಿ ಡಬ್ಬಿ ಅಗದಿ ಸುಧಾರಿಸೇತಿ" ಎಂದರು. ಚಿಗವ್ವ ಚಹಾ ಇಡಲು ಒಳಗೆ ಹೋದಳು. ದೀಪಾವಳಿಯಿಂದ ಕಾಕಾ ತಾವೇ ಬರೆದು ಎತ್ತಿಡುತ್ತಿದ್ದ ರಿಜಿಸ್ಟರನ್ನು ನಾನು ಅಂದು ತೆರೆದೆ. ನೀಲಿಯ ಸಾಲಿನಲ್ಲಿ ದೀಪಾವಳಿಯ ನಂತರ ಒಂದು ಅಂಕಿಯೂ ಇರಲಿಲ್ಲ. ಪಕ್ಕದಲ್ಲಿ ಹೊಸ ಸಾಲೊಂದನ್ನು ಎಳೆದಿದ್ದರು, ಗೆರೆ ಸೊಟ್ಟಗಿತ್ತು. ಮೇಲೆ ಒಡೆದ ಅಕ್ಷರದಲ್ಲಿ "ದಬ್ಬಣ". ಅದರ ಕೆಳಗೆ ವಾರ ವಾರವೂ ಒಂದೇ: ನಾಲ್ಕಾಣೆ, ನಾಲ್ಕಾಣೆ, ನಾಲ್ಕಾಣೆ.

"ಕಾಕಾ, ನಿಮಗ ಗೊತ್ತಿತ್ತೇನ್ರಿ?"

"ಗುಂಡ ಹೊಕ್ಕ ತೂತಿನ ಅಂಚಿಗೆ ಸೀಸದ ಕಪ್ಪ ಹತ್ತಿರತೈತಿ. ಇವು ಬೆಳ್ಳಗ ಅದಾವ." ಆಮೇಲೆ ಒಳಗೆ ಕೇಳಿಸದಂತೆ ಹೇಳಿದರು. "ಅಕಿಗೆ ಹೇಳಬ್ಯಾಡ. ಮೂವತ್ತ ವರ್ಷ ಸುಳ್ಳ ತೂಕ ಹಿಡದೀನಿ ತಂಗಿ, ಒಂದನ್ನೂ ಬಿಟ್ಟಿಲ್ಲ. ಇದೊಂದಕ್ಕ ಮುದ್ರಿ ಒತ್ತೀನಿ. ಅಕಿ ಕೈ ನೋಡು, ಇನ್ನೂ ಎಷ್ಟ ಗಟ್ಟಿ ಐತಿ."

ನನಗೆ ಅಳು ಬಂತು. ಅಳುವುದನ್ನು ಮುಚ್ಚಿಕೊಳ್ಳಲು ರಿಜಿಸ್ಟರಿನ ಮೇಲೆ ಬಗ್ಗಿದೆ.

ಅಷ್ಟರಲ್ಲಿ ಚಿಗವ್ವ ಬಾಗಿಲಿಗೆ ಬಂದಳು. ಕಾಕಾನ ಚಹಾವನ್ನು ಈಚೆಗೆ ಕಪ್ಪು-ಬಸಿಯಲ್ಲಿ ಕೊಡುವುದಿಲ್ಲ, ದೊಡ್ಡ ಲೋಟದಲ್ಲಿ ಅರ್ಧ ತುಂಬಿಸಿ ಕೊಡುತ್ತಾಳೆ. "ಗಾಳಿ ನಿಂತೈತಿ ನೋಡ್ರಿ. ಇನ್ನೈದು ಹೊಡೀತೀರೇನು?" ಎಂದಳು.

"ಹೊಡೀತೀನಿ. ಹೊಸಾ ಪತ್ರಿಕಿ ಹಚ್ಚು."

ಅವಳು ಹಚ್ಚಿ ಬಂದಳು. ಅವರು ಐದು ಹೊಡೆದರು, ಆರೂ ಚೀಲಗಳಿಗೆ ಹಂಚಿದಂತೆ. ಅವಳು ಹೋಗಿ, ಬೆನ್ನು ಮಾಡಿ ನಿಂತು, ಪತ್ರಿಕೆ ತಂದಳು. ಕಾಕಾ ನಾಣ್ಯವನ್ನು ಬಹಳ ಹೊತ್ತು ಇಟ್ಟು ನೋಡಿ, "ಬರಕೋ" ಎಂದರು. ನಾನು ದಬ್ಬಣದ ಸಾಲಿನಲ್ಲಿ ನಾಲ್ಕಾಣೆ ಎಂದು ಬರೆದುಕೊಂಡೆ.