ಸೋಫಣ್ಣನ ಅರ್ಧ ಪಾಲು

ದಿವಾಳಿಯೆದ್ದ ದಿನದಿಂದ ಸೋಫಣ್ಣನಿಗೆ ಬರುತ್ತಿದ್ದ ಫೋನುಗಳೆಲ್ಲ ದುಡ್ಡು ಕೇಳುವವೇ. ಹಾಗಾಗಿ ಆ ಬೆಳಿಗ್ಗೆ ವಿಮಾ ಕಂಪನಿಯ ಹುಡುಗಿಯೊಬ್ಬಳು "ಸರ್, ನಿಮಗೆ ದುಡ್ಡು ಕೊಡೋದಿದೆ" ಅಂದಾಗ ಅವನು ಅಭ್ಯಾಸಬಲದಿಂದ "ಮುಂದಿನ ತಿಂಗಳು ನೋಡೋಣಮ್ಮ" ಎಂದು ಫೋನು ಇಟ್ಟೇಬಿಟ್ಟ. ಪುಣ್ಯಕ್ಕೆ ಅವಳು ಮತ್ತೆ ಮಾಡಿದಳು.

ವಿಷಯ ಇಷ್ಟು. ಹಳೇ ಸೋಫಾಗಳಿಗೆ ಹೊಸ ಚರ್ಮ ಹೊದಿಸುವ ಅಂಗಡಿ ಇಡಲು ಗಂಡ ಹೆಂಡತಿ ಜಂಟಿಯಾಗಿ ಸಾಲ ಎತ್ತಿದ್ದರು. ಸಾಲದ ಜೊತೆ ಒಂದು ವಿಮೆಯನ್ನೂ ಅವರ ಕೊರಳಿಗೆ ಕಟ್ಟಲಾಗಿತ್ತು. ಕೆಲಸ ಹೋದರೆ ಕಂತನ್ನು ಕಂಪನಿಯೇ ಕಟ್ಟುತ್ತದಂತೆ. ಅಂಗಡಿ ಮುಳುಗಿದ ಮೇಲೆ ಸೋಫಣ್ಣ ಹೋಗಿ ಕೇಳಿದರೆ, "ನಿಮ್ಮನ್ನು ಕೆಲಸದಿಂದ ತೆಗೆದವರು ಯಾರು?" ಎಂದರು. ಅಂಗಡಿಯ ಯಜಮಾನನೂ ಅವನೇ, ಆಳೂ ಅವನೇ. ಅಂಥವನಿಗೆ ಆ ವಿಮೆ ಮೂರು ಕಾಸಿನ ಪ್ರಯೋಜನಕ್ಕೂ ಬಾರದ್ದು, ಮಾರಲೇಬಾರದಿತ್ತು. ಹೆಂಡತಿ ದೂರು ಕೊಟ್ಟು, ಬೆನ್ನು ಹತ್ತಿದ ಮೇಲೆ ಕೊನೆಗೂ ಕಂಪನಿ ತಪ್ಪೊಪ್ಪಿಕೊಂಡಿತ್ತು. ಪರಿಹಾರ ಇಬ್ಬರಿಗೂ ಸೇರಿ ಬರುವುದಿತ್ತು.

"ಆದ್ರೆ ಸರ್, ನೀವು ದಿವಾಳಿ ಅಲ್ವಾ? ನಿಮ್ಮ ಪಾಲಿನ ವಿಚಾರ ಮಾತಾಡೋಕೆ ದಿವಾಳಿ ಕಚೇರಿ ಮೇಡಂ ಮಧ್ಯಾಹ್ನ ಮನೆಗೇ ಬರ್ತಾರೆ" ಎಂದಳು ಹುಡುಗಿ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಡ್ಯೂಟಿಗೆಂದು ಚಪ್ಪಲಿ ಮೆಟ್ಟುತ್ತ, "ರೀ, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ. ಆ ಕೆಳಗಿನ ಮನೆ ಮಾವನ ಮಾತು ಮಾತ್ರ ಕೇಳಬೇಡಿ" ಎಂದು ಎಚ್ಚರಿಸಿ ಹೋದಳು.

ಅವಳು ಬೀದಿ ತಿರುಗುವಷ್ಟರಲ್ಲಿ ಸೋಫಣ್ಣ ಕೆಳಗಿನ ಮನೆಯ ಬಾಗಿಲು ತಟ್ಟಿದ್ದ.

ಈ ಮಾವ ಯಾರಿಗೆ ಹೇಗೆ ಮಾವನೋ ಯಾರಿಗೂ ಗೊತ್ತಿಲ್ಲ. ಕೋರ್ಟಿನ ಎದುರು ಬಹಳ ವರ್ಷ ಟೀ ಅಂಗಡಿ ಇಟ್ಟಿದ್ದರಿಂದ ಕಾನೂನೆಲ್ಲ ತನ್ನ ಲೋಟದಲ್ಲೇ ಇದೆಯೆಂದು ಅವನ ನಂಬಿಕೆ. ಎಲ್ಲವನ್ನೂ ಕೇಳಿ ತೊಡೆ ತಟ್ಟಿದ.

"ಹೆಡ್ಡ ಕಣೋ ನೀನು! ಅರ್ಧ ನಿಂದು ಅಂದ್ಯೋ, ಆ ಅರ್ಧಾನ ನಿಂಗೆ ಸಾಲ ಕೊಟ್ಟೋರು ಬಾಚ್ಕೊಂಡು ಹೋಗ್ತಾರೆ. ಆ ವಿಮೆ ಪೂರ್ತಿ ಹೆಂಡ್ತೀದು, ನಂಗೇನೂ ಗೊತ್ತಿಲ್ಲ ಅನ್ನು. ಅಷ್ಟೂ ಅವಳಿಗೇ ಬರುತ್ತೆ."

ಸೋಫಣ್ಣನ ಕಣ್ಣ ಮುಂದೆ ಅವನ ಹೊಲಿಗೆ ಮಷೀನು ಬಂದು ನಿಂತಿತು. ದಪ್ಪ ಚರ್ಮವನ್ನು ಬೆಣ್ಣೆಯ ಹಾಗೆ ಹೊಲಿಯುತ್ತಿದ್ದ ಮಷೀನು. ಹರಾಜಿನಲ್ಲಿ ಅದು ಬ್ಯಾಗಿನ ಅಂಗಡಿಯವನ ಪಾಲಾಗಿತ್ತು. ಅಂದಿನಿಂದ ಸೋಫಣ್ಣ ಅಡುಗೆಮನೆಯಲ್ಲಿ ಕೂತು ಕೈಯಲ್ಲೇ ಕುರ್ಚಿಗಳ ದಿಂಬು ಹೊಲಿಯುತ್ತ, ಸೂಜಿ ಚುಚ್ಚಿಸಿಕೊಳ್ಳುತ್ತ ಬದುಕಿದ್ದ. ಈಗ ಬ್ಯಾಗಿನವನು ಅದನ್ನು ಮಾರುತ್ತಿದ್ದಾನೆಂಬ ಸುದ್ದಿ ಬಂದಿತ್ತು. ಅದು ಮರಳಿ ಬಂದರೆ ಅವನು ಮತ್ತೆ ಮನುಷ್ಯ.

ದಿವಾಳಿಯವನ ಮಾತನ್ನು ಯಾರು ನಂಬುತ್ತಾರೆ? ಮೂಗು ಹಿಡಿದುಕೊಂಡು, ದನಿ ಬದಲಿಸಿ ಫೋನು ಮಾಡಿದ. "ಹಲೋ, ನಾನು ದೊಡ್ಡ ಪಾರ್ಟಿ ಮಾತಾಡ್ತಿರೋದು. ಆ ಮಷೀನು ಎಷ್ಟಕ್ಕೆ?"

ಬ್ಯಾಗಿನವನು ಹೇಳಿದ ಬೆಲೆ ಪರಿಹಾರದ ಅರ್ಧಕ್ಕಿಂತ ಒಂದು ಚೂರು ಕಡಿಮೆಯೇ ಇತ್ತು. "ಆದ್ರೆ ಸಾರ್, ಇನ್ನೊಂದು ಪಾರ್ಟಿ ಆಗ್ಲೇ ಒಪ್ಪಿದೆ."

"ಅವರಿಗಿಂತ ಜಾಸ್ತಿ ಕೊಡ್ತೀನಿ!" ಎಂದ ಸೋಫಣ್ಣ. ಪೂರ್ತಿ ದುಡ್ಡು ಬರುವಾಗ ಜಿಪುಣತನವೇಕೆ?

ಮಧ್ಯಾಹ್ನ ಮೇಡಂ ಬಂದರು. ತೆಳ್ಳಗೆ, ನೆಟ್ಟಗೆ ಇದ್ದ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿದರೆ ಮಾಡದ ತಪ್ಪೂ ನೆನಪಾಗಬೇಕು. ಸಾಕ್ಷಿಗೆಂದು ಮಾವ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಕೂತಿದ್ದ.

"ಮೇಡಂ, ಆ ವಿಮೆಗೂ ನನಗೂ ಸಂಬಂಧಾನೇ ಇಲ್ಲ. ಎಲ್ಲ ನನ್ನ ಹೆಂಡ್ತೀದು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ."

"ಸಹಿ ಹಾಕಿದ್ದೀರಲ್ಲ?"

"ಅವಳು ಬೆರಳಿಟ್ಟು ತೋರಿಸಿದ ಕಡೆ ಹಾಕ್ದೆ."

"ಇವನಿಗೆ ಸ್ವಂತ ಬುದ್ಧಿ ಅನ್ನೋದು ಹುಟ್ಟಿದಾಗಿಂದಾನೇ ಇಲ್ಲ ಮೇಡಂ" ಎಂದು ಮಾವ ಉತ್ಸಾಹದಿಂದ ಕೈಜೋಡಿಸಿದ. "ಯಾವ ಅಂಗಿ ಹಾಕ್ಕೋಬೇಕು ಅಂತಾನೂ ಅವಳನ್ನೇ ಕೇಳ್ತಾನೆ. ಅವಳು ತವರಿಗೆ ಹೋದ್ರೆ ಬನಿಯನ್ನಲ್ಲೇ ಓಡಾಡ್ತಾನೆ."

ಸೋಫಣ್ಣನ ಮುಖ ಕೆಂಪಾಯಿತು. ಆದರೂ ಮಷೀನನ್ನು ನೆನೆದು ತಲೆಯಾಡಿಸಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರುಗುಟ್ಟಿತು.

"ಮೇಡಂ, ಹೊಟ್ಟೆ..." ಎನ್ನುತ್ತ ಬಚ್ಚಲಿಗೆ ಓಡಿದ.

"ಸಾರ್, ಆ ಪಾರ್ಟಿ ನಿಮಗಿಂತ ಮೇಲೆ ಹೋಯ್ತು" ಎಂದ ಬ್ಯಾಗಿನವನು.

"ನಾನು ಅದಕ್ಕೂ ಮೇಲೆ!" ಮೂಗು ಹಿಡಿದು ಗುಡುಗಿದ ಸೋಫಣ್ಣ.

ಹೊರಗೆ ಬಂದಾಗ ಮೇಡಂ ಕನಿಕರದಿಂದ ಒಂದು ಗುಳಿಗೆ ಕೊಟ್ಟರು. ನುಂಗಬೇಕಾಯಿತು. ಇನ್ನೆರಡು ಸಲ ಫೋನು ಬಂತು, ಇನ್ನೆರಡು ಸಲ ಬಚ್ಚಲು, ಇನ್ನೆರಡು ಗುಳಿಗೆ. ಮೂರನೆಯದನ್ನು ನುಂಗುವ ಹೊತ್ತಿಗೆ ಮಷೀನಿನ ಬೆಲೆ ಮೊದಲಿನ ಎರಡರಷ್ಟಾಗಿತ್ತು, ಸೋಫಣ್ಣನ ಹೊಟ್ಟೆ ನಿಜವಾಗಿಯೂ ಕೆಟ್ಟಿತ್ತು.

"ಹಾಗಾದ್ರೆ ಅಂಗಡಿ ವ್ಯವಹಾರ ಯಾರು ನೋಡ್ಕೊಳ್ತಿದ್ರು?" ಎಂದರು ಮೇಡಂ.

"ಅದೂ ಅವಳೇ!" ಎಂದರು ಇಬ್ಬರೂ ಒಟ್ಟಿಗೆ.

ಮೇಡಂ ಪೆನ್ನು ನಿಲ್ಲಿಸಿದರು. "ಅಂದ್ರೆ ಅಂಗಡಿಯ ನಿಜವಾದ ಯಜಮಾನಿ ನಿಮ್ಮ ಹೆಂಡತಿ. ಅಂದಮೇಲೆ ಅಂಗಡಿಯ ಮಿಕ್ಕ ಸಾಲಗಳೂ ಅವರ ತಲೆ ಮೇಲೇ. ಅವರನ್ನೂ ದಿವಾಳಿ ಮಾಡಬೇಕಾಗುತ್ತೆ. ಪರಿಹಾರದಲ್ಲಿ ಅವರ ಪಾಲೂ ಸಾಲ ಕೊಟ್ಟವರಿಗೇ."

ಮಾವನ ಬಾಯಿಂದ ಬಿಸ್ಕತ್ತು ಬಿತ್ತು. ಸೋಫಣ್ಣ ಧಡಕ್ಕನೆ ಎದ್ದು ನಿಂತ.

"ಸುಳ್ಳು ಮೇಡಂ! ಅಂಗಡಿ ನಂದು, ಸಾಲ ನಂದು. ಈ ಮನೇಲಿ ನಾನು ಹೇಳಿದ್ದೇ ನಡೆಯೋದು. ಅವಳಿಗೆ ಏನೂ ಗೊತ್ತಿಲ್ಲ!"

"ಹುಲಿ ಮೇಡಂ, ಹುಲಿ. ಇವನು ಕೆಮ್ಮಿದ್ರೆ ಕಟ್ಟಡಾನೇ ನಡುಗುತ್ತೆ" ಎಂದ ಮಾವ, ಕ್ಷಣದಲ್ಲಿ ಪಕ್ಷ ಬದಲಿಸಿ.

"ಓಹೋ. ಹಾಗಾದ್ರೆ ವಿಮೆಯೂ ನಿಮ್ಮೊಬ್ಬರದೇ. ಪರಿಹಾರ ಪೂರ್ತಿ ನಿಮ್ಮದು. ಅಂದ್ರೆ ಪೂರ್ತಿ ನಾನೇ ತಗೊಂಡು ಹೋಗ್ತೀನಿ."

ಸೋಫಣ್ಣ ಕೂತ. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯೊಳಗೆ ಹೋಯಿತು.

"ಅರ್ಧ ಅರ್ಧ, ಮೇಡಂ" ಎಂದ ಮೆಲ್ಲಗೆ. "ಇಬ್ಬರೂ ಸೇರಿ ತಗೊಂಡಿದ್ದು, ಇಬ್ಬರೂ ಸೇರಿ ಕಟ್ಟಿದ್ದು."

ಮೇಡಂ ಕನ್ನಡಕ ತೆಗೆದರು. ಮೊದಲ ಬಾರಿಗೆ ನಕ್ಕರು. "ಅಷ್ಟೇ ಅಲ್ವೇನ್ರಿ? ಕಾಗದದಲ್ಲೂ ಅದೇ ಇದೆ. ನಿಮ್ಮ ಅರ್ಧ ಸಾಲ ಕೊಟ್ಟವರಿಗೆ. ಅವರ ಅರ್ಧವನ್ನ ಯಾರೂ ಮುಟ್ಟೋ ಹಾಗಿಲ್ಲ. ನಿಮ್ಮ ಹೆಂಡತಿ ಹೋದ ವಾರವೇ ನನ್ನ ಹತ್ರ ಕೇಳ್ಕೊಂಡು ಹೋಗಿದ್ರು. ಹೇಳಲಿಲ್ವಾ?"

ಮೇಡಂ ಮೆಟ್ಟಿಲಿಳಿದು ಹೋದರು. ಮಾವ ಉಳಿದ ಬಿಸ್ಕತ್ತನ್ನು ಜೇಬಿಗಿಳಿಸಿ ಅವರ ಹಿಂದೆಯೇ ಜಾರಿಕೊಂಡ. ಮನೆಗೆ ಬರುವ ಅರ್ಧದ ಎರಡರಷ್ಟು ಬೆಲೆ ಕೂಗಿದ್ದ ಸೋಫಣ್ಣ ಫೋನು ಎತ್ತಿಕೊಂಡ. ಮೂಗು ಹಿಡಿಯುವುದೂ ಮರೆತುಹೋಯಿತು.

"ಅಣ್ಣಾ, ಆ ಮಷೀನು ನನಗೆ ಬೇಡ..."

"ಬೇಕು ಅಂದ್ರೂ ಇಲ್ಲ ಬಿಡಿ" ಎಂದ ಬ್ಯಾಗಿನವನು ಖುಷಿಯಲ್ಲಿ. "ಆ ಪಾರ್ಟಿ ನಿಮ್ಮ ಮೇಲೂ ಏರಿಸಿ ಈಗ ತಾನೇ ತಗೊಂಡು ಹೋಯ್ತು."

ಜೀವ ಉಳಿಯಿತು, ಆದರೆ ಮಷೀನು ಹೋಯಿತು. ಸೋಫಣ್ಣನಿಗೆ ಅಳುವೇ ಬಂತು. ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತ.

ಸಂಜೆ ಕೆಳಗೆ ಟೆಂಪೋ ಬಂದು ನಿಂತ ಸದ್ದಾಯಿತು. ಇಬ್ಬರು ಆಳುಗಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಅವರ ನಡುವೆ ಹಗ್ಗ ಬಿಗಿದ ಅವನ ಮಷೀನು! ಹಿಂದೆಯೇ ಹೆಂಡತಿ, ಕೂದಲು ಕೆದರಿತ್ತು, ಮುಖ ಯುದ್ಧ ಗೆದ್ದವರ ಹಾಗೆ ಹೊಳೆಯುತ್ತಿತ್ತು.

"ಡ್ಯೂಟಿ ಅಂದಿದ್ದು ಸುಳ್ಳು ಕಣ್ರೀ, ರಜ ಹಾಕಿದ್ದೆ. ನನ್ನ ಅರ್ಧ ಪಾಲು ಇದಕ್ಕೆ ಸರಿಯಾಗಿ ಸಾಕಾಗ್ತಿತ್ತು. ದುಡ್ಡು ಬಂದ ಕೂಡ್ಲೆ ಕೊಡ್ತೀನಿ ಅಂತ ಬೆಳಿಗ್ಗೇನೇ ಮಾತು ಮುಗಿಸಿದ್ದೆ. ಅಷ್ಟರಲ್ಲಿ ಅದ್ಯಾವನೋ ದೊಡ್ಡ ಪಾರ್ಟಿಯಂತೆ, ಮೂಗಲ್ಲಿ ಮಾತಾಡ್ತಾನಂತೆ, ನಾನು ಒಂದು ಅಂದ್ರೆ ಅವನು ಎರಡು ಅಂತ ಏರಿಸ್ತಾನೇ ಹೋದ. ನಾನು ಬಿಟ್ನಾ? ನೀವು ಅಡುಗೆಮನೇಲಿ ಬೆರಳು ಚುಚ್ಚಿಸ್ಕೊಳ್ಳೋದು ನೋಡೋಕಾಗಲ್ಲ ನನಗೆ. ಪಾಲಿಗಿಂತ ಜಾಸ್ತಿ ಬೇಕಾದ್ದಕ್ಕೆ ಆಸ್ಪತ್ರೇಲೇ ಸಾಲ ಮಾಡ್ದೆ. ಮೂರು ವರ್ಷ ನನ್ನ ಸಂಬಳದಲ್ಲಿ ಹಿಡ್ಕೋತಾರೆ, ಹಿಡ್ಕೊಳ್ಳಲಿ."

ಸೋಫಣ್ಣ ಮಷೀನಿನ ಮೇಲೆ ಕೈಯಿಟ್ಟು ನಿಂತ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಷ್ಟೂ ಅವನಿಂದಲೇ ಆಗಿದ್ದು" ಎಂದು ಹೆಂಡತಿ ಸೆರಗಿನಿಂದ ಬೆವರೊರೆಸಿಕೊಂಡಳು. "ನನ್ನ ಹೊಟ್ಟೆ ಉರಿಸಿದ್ನಲ್ಲ, ದಿವಾಳಿ ಎದ್ದು ಹೋಗ್ಲಿ ಅವನು!"

"ಎದ್ದಾಗಿದೆ ಕಣೇ" ಎಂದ ಸೋಫಣ್ಣ.