ದೂರುದರ್ಶನ

ಹೊಸ ಟೀವಿ ಮನೆಗೆ ಬಂದ ಸಂಜೆಯೇ ಪರಿಶೀಲನೆ ಸಾಹೇಬರ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಹರಾಜು ಕೂಗಿದವರು ಬೇರೆ ಯಾರೂ ಅಲ್ಲ, ಅವರನ್ನು ಹೆತ್ತ ತಾಯಿ.

‘ಪರಿಶೀಲನೆ ಸಾಹೇಬರು’ ಎಂಬುದು ಬಡಾವಣೆಯವರು ದಯಪಾಲಿಸಿದ ಬಿರುದು. ಸಾಹೇಬರು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುತ್ತಾರೆ. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದರೂ, ಬಂದ ನೀರು ಚಹಾದ ಬಣ್ಣಕ್ಕಿದೆ ಎಂದರೂ, ಆ ಚಹಾದಲ್ಲಿ ಹುಳುವೊಂದು ಈಜು ಕಲಿಯುತ್ತಿದೆ ಎಂದರೂ ಅವರ ಉತ್ತರ ಒಂದೇ: “ತಮ್ಮ ದೂರು ಪರಿಶೀಲನೆಯಲ್ಲಿದೆ.” ಈ ಮಾತನ್ನು ಅವರು ಎಂಥ ವಿನಯದಿಂದ ಹೇಳುತ್ತಿದ್ದರೆಂದರೆ ತೋಳು ಮಡಿಚಿ ಜಗಳಕ್ಕೆ ಬಂದವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. (ಥ್ಯಾಂಕ್ಸ್ ಹೇಳಿದ್ದು ಯಾತಕ್ಕೆಂದು ಮನೆ ಮುಟ್ಟಿದ ಮೇಲೆ ಯೋಚಿಸಿ ಹಲ್ಲು ಕಡಿಯುತ್ತಿದ್ದರಂತೆ, ಅದು ಬೇರೆ ಮಾತು.) ಸಾಹೇಬರ ಸ್ವಂತ ಬೀದಿಯಲ್ಲೂ ಬಹಳ ಕಾಲದಿಂದ ಕೆಸರು ನೀರೇ ಬರುತ್ತಿತ್ತು. ಹೆಂಡತಿ ಆ ಮಾತೆತ್ತಿದಾಗಲೆಲ್ಲ ಅವರು ತಿಂಡಿಯ ತಟ್ಟೆಯಿಂದ ತಲೆ ಎತ್ತದೆ ಅದೇ ಉತ್ತರವನ್ನು ಅಷ್ಟೇ ವಿನಯದಿಂದ ಕೊಟ್ಟಿದ್ದರು.

ಇಂಥ ಸಾಹೇಬರು ‘ಭಾರಿ ರಿಯಾಯಿತಿ’ ಎಂಬ ಬೋರ್ಡು ಕಂಡು, ಮನೆಯಲ್ಲಿ ಒಂದು ಮಾತೂ ಕೇಳದೆ, ಟೀವಿ ಖರೀದಿಸಿ ತಂದಿದ್ದರು. ಅಂಗಡಿಯ ಗೋಡೆಯ ಮೇಲಿದ್ದಾಗ ಅದರೊಳಗೆ ಗಿಳಿಗಳು ಹಾರುತ್ತಿದ್ದವು, ಜಲಪಾತ ಧುಮುಕುತ್ತಿತ್ತು, ಜೇನು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಸಾಹೇಬರು ತುಟಿ ಸವರಿಕೊಂಡದ್ದೂ ಉಂಟು. ಮನೆಗೆ ಬಂದ ಮೇಲೆ ಗಿಳಿಯೂ ಇಲ್ಲ, ಜೇನೂ ಇಲ್ಲ. ಸಂಜೆಯ ಧಾರಾವಾಹಿ ಶುರುವಾಯಿತು. ಪರದೆಯ ತುಂಬ ಮಬ್ಬು, ಮಬ್ಬಿನೊಳಗೆ ಓಡಾಡುವ ಬೂದು ಬಣ್ಣದ ಮೂಟೆಗಳು. ಅದರಲ್ಲಿ ಒಂದು ಮೂಟೆ ಅಳುತ್ತಿತ್ತು.

ತಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮತ್ತೊಮ್ಮೆ ಒರೆಸಿದರು.

“ಏನೋ ಇದು,” ಎಂದರು ಕೊನೆಗೆ. “ಎಲ್ಲರೂ ನಮ್ಮ ನಲ್ಲಿ ನೀರಲ್ಲಿ ಮುಖ ತೊಳ್ಕೊಂಡು ಬಂದ ಹಾಗಿದ್ದಾರಲ್ಲೋ.”

ಸಾಹೇಬರು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದರು. ಮೂಟೆಗಳು ಬೂದಿನಿಂದ ಹಸಿರಿಗೆ, ಹಸಿರಿನಿಂದ ಬದನೆಕಾಯಿ ಬಣ್ಣಕ್ಕೆ ತಿರುಗಿದವೇ ಹೊರತು ಮನುಷ್ಯರಾಗಲಿಲ್ಲ. ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

“ದೂರದರ್ಶನ ತರ್ತೀನಿ ಅಂತ ಹೋದವರು ದೂರುದರ್ಶನ ತಂದ್ರಿ,” ಎಂದು ಅಡುಗೆಮನೆಗೆ ನಡೆದಳು.

ಸಾಹೇಬರಿಗೆ ಇದು ನಾಟಿತು. ದೂರು ಅವರ ವೃತ್ತಿಕ್ಷೇತ್ರ. ಆ ಕ್ಷೇತ್ರದಲ್ಲಿ ಅವರನ್ನು ಮೀರಿಸುವವನು ಹುಟ್ಟಿಲ್ಲವೆಂದು ಅವರ ಗಾಢ ನಂಬಿಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ರಿಮೋಟನ್ನು ಖಡ್ಗದಂತೆ ಎತ್ತಿ, ಪೂರ್ತಿ ಹಣ ವಾಪಸ್ ತರುವುದಾಗಿ, ತರದಿದ್ದರೆ ಈ ಜನ್ಮದಲ್ಲಿ ಮನೆಗೆಂದು ಒಂದು ಪೊರಕೆಯನ್ನೂ ತಾವು ಆರಿಸುವುದಿಲ್ಲವೆಂದು ಘೋರ ಶಪಥ ಮಾಡಿದರು. ಹೆಂಡತಿ ಪೊರಕೆಯ ಕಡೆಗೊಮ್ಮೆ ನೋಡಿ, ಆಗಲಿ ಎಂದಳು. ಆ ಒಂದೇ ಮಾತಿನಲ್ಲಿ ಒಪ್ಪಂದವಾಯಿತು.

ಮಾರನೆಯ ದಿನ ಅಂಗಡಿಯ ಮ್ಯಾನೇಜರು ಸಾಹೇಬರನ್ನು ಕೂರಿಸಿ, ನೀರು ಕೊಟ್ಟು, ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಮಧ್ಯೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಎರಡೂ ಕೈ ಜೋಡಿಸಿ ಅತ್ಯಂತ ಮೃದುವಾಗಿ ಹೇಳಿದ:

“ತಮ್ಮ ದೂರು ಪರಿಶೀಲನೆಯಲ್ಲಿದೆ ಸಾರ್.”

ಸಾಹೇಬರು ಥ್ಯಾಂಕ್ಸ್ ಹೇಳಿ ಎದ್ದು ಬಂದರು. ಬೀದಿಯ ತಿರುವಿನಲ್ಲಿ ಅವರಿಗೆ ಆದದ್ದೇನೆಂದು ಹೊಳೆಯಿತು. ಇಷ್ಟು ವರ್ಷ ತಾವು ಇನ್ನೊಬ್ಬರಿಗೆ ಉಣಬಡಿಸಿದ್ದನ್ನು ಅಂದು ಮೊದಲ ಬಾರಿಗೆ ತಾವೇ ಉಂಡಿದ್ದರು. ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಸಣ್ಣ ಮೆಚ್ಚುಗೆಯೂ ಏರಿತು. ಕೈ ಜೋಡಿಸುವುದು ತಮಗೆ ಯಾಕೆ ಹೊಳೆದಿರಲಿಲ್ಲವೆಂದು ಪೇಚಾಡಿಕೊಂಡರು.

ಮತ್ತೆ ಹೋದರು. ಮಗದೊಮ್ಮೆ ಹೋದರು. ‘ಮಾನ್ಯರೇ’ ಎಂದು ಶುರುಮಾಡಿ ‘ಕಾನೂನು ಕ್ರಮ ಅನಿವಾರ್ಯ’ ಎಂದು ಮುಗಿಯುವ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿ ಒಪ್ಪಿಸಿದರು. ಮ್ಯಾನೇಜರು ಭಾಷೆ ತುಂಬ ಚೆನ್ನಾಗಿದೆಯೆಂದು ಹೊಗಳಿ ಕಳಿಸಿದ. ಕೊನೆಗೆ ರಿಪೇರಿಯವನೊಬ್ಬ ಮನೆಗೆ ಬಂದು ಟೀವಿಯ ಬೆನ್ನು ತಟ್ಟಿ, ತಲೆ ಕೆರೆದು, ನೋಡ್ತಾ ನೋಡ್ತಾ ಅಭ್ಯಾಸ ಆಗುತ್ತೆ ಎಂದು ಹೇಳಿ ಹೋದ. ಇದೂ ಸಾಹೇಬರದೇ ಮಾತು. ಕೆಸರು ನೀರಿನ ವಿಷಯದಲ್ಲಿ ‘ಕುಡೀತಾ ಕುಡೀತಾ’ ಎಂದು ಅವರು ಹೇಳುವುದಷ್ಟೇ ವ್ಯತ್ಯಾಸ. ಈ ನಡುವೆ ಧಾರಾವಾಹಿಯ ಒಳ್ಳೆಯ ಸೊಸೆ ಯಾರು, ಕೆಟ್ಟ ಸೊಸೆ ಯಾರು ಎಂದು ಗುರುತು ಸಿಗದೆ ತಾಯಿ ಆ ವಾರವೆಲ್ಲ ಕೆಟ್ಟವಳಿಗೇ ಕಣ್ಣೀರು ಸುರಿಸಿದ್ದರು. ಅದು ತಿಳಿದ ದಿನ ಅವರು ಮಗನ ಜೊತೆ ಮಾತು ಬಿಟ್ಟರು.

ಆಗ ಹೆಂಡತಿ ಎದ್ದಳು.

ಎದ್ದವಳು ಸಿಡಿಮಿಡಿಗುಟ್ಟಲಿಲ್ಲ. ಒಂದು ಚೀಲದ ತುಂಬ ಹಸಿ ಬಟಾಣಿ, ಒಂದು ಬೋಗುಣಿ, ಜೊತೆಗೆ ಅತ್ತೆ. ಈ ಮೂರನ್ನು ಕರೆದುಕೊಂಡು ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋದಳು. ಸಾಹೇಬರು ಹಿಂದೆಯೇ ಹೋಗಿ, ತಮಗೂ ಇವರಿಗೂ ಸಂಬಂಧವಿಲ್ಲವೆಂಬಂತೆ ಫ್ರಿಜ್ಜುಗಳ ಸಾಲಿನಲ್ಲಿ ನಿಂತು ಒಂದೊಂದರ ಬಾಗಿಲನ್ನೂ ತೆಗೆದು ಮುಚ್ಚತೊಡಗಿದರು.

ಅಂಗಡಿಯ ಅತಿ ದೊಡ್ಡ ಟೀವಿಯ ಮುಂದೆ ಅತ್ತೆ ನಿಂತು, ಮಂಡಿ ನೋವೆಂದು ಮೆಲ್ಲಗೆ ನರಳಿದರು. ಮ್ಯಾನೇಜರು ವಿನಯವಂತನಲ್ಲವೇ, ಕುರ್ಚಿ ಹಾಕಿಸಿದ. ಅತ್ತೆಗೆ ಹಾಕಿದ ಮೇಲೆ ಸೊಸೆಗೂ ಹಾಕಬೇಕಾಯಿತು. ಗಿಳಿ ಜಲಪಾತಗಳನ್ನು ನಿಲ್ಲಿಸಿ ಧಾರಾವಾಹಿ ಹಾಕಿಸಲಾಯಿತು. ಅತ್ತೆ ಪರದೆಯನ್ನು ನೋಡಿದರು. ಒಳ್ಳೆಯ ಸೊಸೆಯ ಕಣ್ಣ ರೆಪ್ಪೆಯ ಮೇಲಿನ ಹನಿಯೂ ಕಾಣುತ್ತಿತ್ತು. ಅವರು ಮನಸಾರೆ ಅತ್ತರು, ಈ ಸಲ ಸರಿಯಾದವಳಿಗೆ.

ಸೊಸೆ ಬಟಾಣಿ ಬಿಡಿಸುತ್ತ ಕೂತಳು. ಕಾಳುಗಳು ಬೋಗುಣಿಗೆ ಟಣ್ ಟಣ್ ಎಂದು ಬೀಳುತ್ತಿದ್ದವು. ಇವರು ಯಾರು, ಇಲ್ಲೇಕೆ ಕೂತಿದ್ದಾರೆ ಎಂದು ಗಿರಾಕಿಗಳು ಕೇಳದಿರುತ್ತಾರೆಯೇ? ಕೇಳಿದರು. ಸಾಹೇಬರು ತಂದಿದ್ದಂಥದ್ದೇ ಟೀವಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ ಗಂಡಹೆಂಡಿರ ಕಡೆ ತಿರುಗಿ ಅವಳು ಅಕ್ಕರೆಯಿಂದ ಹೇಳಿದಳು:

“ತಗೊಳ್ಳಿ, ಒಳ್ಳೇ ಟೀವಿ. ನಾವೂ ಅದನ್ನೇ ತಗೊಂಡಿದ್ದೀವಿ. ನೋಡೋಕೆ ಮಾತ್ರ ಇಲ್ಲಿಗೆ ಬರಬೇಕು, ಅಷ್ಟೇ.”

ಆ ಗಂಡಹೆಂಡಿರು ಟೀವಿಯಿಂದ ಕೈ ತೆಗೆದು, ಬಾಗಿಲ ಕಡೆ ನಡೆದರು. ಹೋಗುವ ಮುನ್ನ ಹೆಂಡತಿಯಾದವಳು ಅರ್ಧ ಗಂಟೆ ನಿಂತು ಧಾರಾವಾಹಿ ನೋಡಿದಳು.

ಮರುದಿನವೂ ಹೋದರು. ಅದರ ಮರುದಿನ ಪಕ್ಕದ ಮನೆಯವಳೂ ಕುತೂಹಲಕ್ಕೆ ಬಂದಳು, ಅವಳ ಚೀಲದಲ್ಲಿ ಬೆಳ್ಳುಳ್ಳಿ. ಯಾರೂ ದನಿ ಎತ್ತಲಿಲ್ಲ, ಯಾರೂ ದುಡ್ಡಿನ ಸುದ್ದಿ ಆಡಲಿಲ್ಲ. ಅತ್ತೆ ಮಾತ್ರ ಬಂದುಹೋಗುವ ಗಿರಾಕಿಗಳಿಗೆಲ್ಲ ಕಥೆಯ ಹಿಂದುಮುಂದನ್ನು ಹೇಳುತ್ತಿದ್ದರು, ಮತ್ತು ಕಥೆಯ ನಡುವೆ, ಮನೆಯ ಟೀವಿಯಲ್ಲಿ ತಾವು ಕೆಟ್ಟವಳಿಗೆ ಅತ್ತ ಪ್ರಸಂಗವನ್ನೂ ತಪ್ಪದೆ ಸೇರಿಸುತ್ತಿದ್ದರು. ಮ್ಯಾನೇಜರು ಟೀವಿ ಕೆಟ್ಟಿದೆ ಎಂದು ಆರಿಸಿದ. ಅಯ್ಯೋ, ಇದೂ ಕೆಟ್ಟಿತೇ ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಮರುಗಿದರು. ಅವನು ಮತ್ತೆ ಹಾಕಿದ.

ಆ ವಾರದ ಕೊನೆಗೆ ಬೆಳ್ಳುಳ್ಳಿಯ ಘಮ ಅಂಗಡಿಯ ವಾಷಿಂಗ್ ಮೆಷಿನ್ನುಗಳವರೆಗೂ ಹಬ್ಬಿದಾಗ ಮ್ಯಾನೇಜರು ಸೋತ. ಪರಿಶೀಲನೆ ಮುಗಿದಿದೆ ಎಂದು ಸಾರಿ, ಪೂರ್ತಿ ಹಣವನ್ನೂ, ಕೇಳದಿದ್ದ ಸಾಗಣೆ ಖರ್ಚನ್ನೂ ತಂದು ಸಾಹೇಬರ ಹೆಂಡತಿಯ ಕೈಯಲ್ಲಿಟ್ಟ. ಸಾಹೇಬರು ಕೊನೆಯ ಫ್ರಿಜ್ಜಿನ ಬಾಗಿಲನ್ನು ಧಡ್ಡನೆ ಮುಚ್ಚಿ ಮುಂದೆ ಬಂದು, ಇದು ನಮ್ಮ ಹಕ್ಕು ಎಂದು ಗುಡುಗಿದರು. ಅಷ್ಟು ದಿನಗಳಲ್ಲಿ ಅವರು ಆಡಿದ ಮೊದಲ ಮಾತು ಅದು.

ಮನೆ ಮುಟ್ಟುವಷ್ಟರಲ್ಲಿ ಗೆಲುವು ಸಾಹೇಬರದಾಗಿತ್ತು. ಕ್ಷೌರದಂಗಡಿಯಲ್ಲಿ, ದಿನಸಿ ಅಂಗಡಿಯಲ್ಲಿ, ಸಿಕ್ಕ ಸಿಕ್ಕಲ್ಲಿ ಅವರು ತಮ್ಮ ಯುದ್ಧತಂತ್ರವನ್ನು ಎದೆ ಸೆಟೆಸಿ ವರ್ಣಿಸಿದರು. ಬೀದಿಯವರೆಲ್ಲ ಕೆಸರು ನೀರನ್ನು ಬಟ್ಟೆ ಕಟ್ಟಿ ಸೋಸಿಕೊಳ್ಳುತ್ತಿದ್ದ ಸಾರ್ವಜನಿಕ ನಲ್ಲಿಯ ಬಳಿಯೂ ನಿಂತು ಪಾಠ ಹೇಳಿದರು.

“ಜಗಳ ಆಡಬಾರದು. ಗೋಗರೀಬಾರದು. ಹೋಗಿ ಎದುರಿಗೆ ಕೂತುಬಿಡಬೇಕು, ಕೆಲಸ ಆಗೋವರೆಗೂ ಏಳಬಾರದು. ಎಂಥ ಘಟಾನುಘಟಿಯಾದರೂ ನೀರಾಗ್ತಾನೆ.”

ಕೊಡ ಹಿಡಿದ ಹೆಂಗಸರು ಬಹಳ ಗಮನವಿಟ್ಟು ಕೇಳಿದರು. ಇಷ್ಟು ಶ್ರದ್ಧೆಯ ಶ್ರೋತೃಗಳು ಸಾಹೇಬರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹೆಂಡತಿ ಮಾತ್ರ ಅವರ ಪಾಠಕ್ಕೆ ಒಂದು ತಿದ್ದುಪಡಿಯನ್ನೂ ಸೂಚಿಸದೆ ಸುಮ್ಮನಿದ್ದಳು. ಅದು ಅವರಿಗೆ ಗೌರವವೆಂದೇ ಕಂಡಿತು.

ಸೋಮವಾರ ಸಾಹೇಬರು ಕಚೇರಿಯಲ್ಲಿ ಕುಳಿತು, ಎರಡೂ ಕೈ ಜೋಡಿಸುವ ಹೊಸ ವಿದ್ಯೆಯನ್ನು ಯಾರ ಮೇಲೆ ಪ್ರಯೋಗಿಸಲಿ ಎಂದು ಬಾಗಿಲು ನೋಡುತ್ತಿದ್ದರು. ಹೊರಗೆ ವ್ಯಾನೊಂದು ನಿಂತಿತು. ಟೀವಿ ಅಂಗಡಿಯ ವ್ಯಾನು. ಅದರಿಂದ ಕುರ್ಚಿಗಳು ಇಳಿದವು. ಕುರ್ಚಿಗಳ ಹಿಂದೆ ಮ್ಯಾನೇಜರು ಇಳಿದು, ನಮ್ಮ ಬೀದಿಗೂ ಇದೇ ನೀರು ಸಾರ್, ಕುರ್ಚಿ ಸಾಗಣೆ ಉಚಿತ ಎಂದು ಕೈ ಮುಗಿದ. ಅವನ ಹಿಂದೆ ಇಡೀ ಬೀದಿಯ ಹೆಂಗಸರು, ಮುಂಚೂಣಿಯಲ್ಲಿ ಸಾಹೇಬರ ಹೆಂಡತಿ, ಅವಳ ಕೈ ಹಿಡಿದು ತಾಯಿ.

ಕುರ್ಚಿಗಳನ್ನು ಕೌಂಟರಿನ ಎದುರಿಗೇ ಸಾಲಾಗಿ ಹಾಕಲಾಯಿತು. ಯಾರೂ ದೂರು ಹೇಳಲಿಲ್ಲ. ಚೀಲಗಳು ಬಿಚ್ಚಿಕೊಂಡವು, ಬೋಗುಣಿಗಳು ಮಡಿಲಿಗೆ ಬಂದವು, ಟಣ್ ಟಣ್ ಶುರುವಾಯಿತು. ಸಾಹೇಬರು ಕೈ ಜೋಡಿಸಿದರು, ಬಾಯಿ ತೆರೆದರು. ಮೂವತ್ತು ಕಣ್ಣುಗಳು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಬಾಯಿ ಮುಚ್ಚಿದರು. ಕೊನೆಗೆ ತಾಯಿಯ ಕಡೆ ಬಗ್ಗಿ, ನೀನೂ ಏನಮ್ಮ ಇವರ ಜೊತೆ, ಎಂದು ಪಿಸುಗುಟ್ಟಿದರು.

“ನಿನ್ನ ಪಾಡಿಗೆ ನೀನು ಕೆಲಸ ಮಾಡ್ಕೋ ಮಗಾ,” ಎಂದರು ತಾಯಿ, ಕನ್ನಡಕ ಸರಿಮಾಡಿಕೊಳ್ಳುತ್ತ. “ನಾವು ಸುಮ್ನೆ ನೋಡ್ತಾ ಕೂತಿರ್ತೀವಿ. ಮನೇಲಿ ಟೀವಿ ಇಲ್ವಲ್ಲ.”

ಸಾಹೇಬರು ಫೋನೆತ್ತಿ ಮಹಡಿಯ ಮೇಲಿನ ಇಂಜಿನಿಯರಿಗೆ ಕರೆ ಮಾಡಿದರು. ತಮ್ಮ ಬೀದಿಯ ಕೊಳವೆಯನ್ನು ಇವತ್ತೇ ಬದಲಿಸಲೇಬೇಕೆಂದು, ಬೆವರು ಒರೆಸಿಕೊಳ್ಳುತ್ತ, ಜೀವನದಲ್ಲಿ ಮೊದಲ ಬಾರಿಗೆ ಒಂದು ದೂರನ್ನು ಮೇಲಕ್ಕೆ ತಲುಪಿಸಿದರು. ಆ ಕಡೆಯಿಂದ ಬಂದ ಉತ್ತರ ಎದುರು ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು. ಅದು ಪರಿಶೀಲನೆಯಲ್ಲಿತ್ತು.

ಹೆಂಡತಿ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಗಂಡನ ಕಡೆ ಸರಿಸಿ, ಅದರ ಮೇಲೆ ಬಿಡಿಸದ ಬಟಾಣಿಯ ಚೀಲವನ್ನೂ ಖಾಲಿ ಬೋಗುಣಿಯನ್ನೂ ಇಟ್ಟಳು. ಪರಿಶೀಲನೆ ಸಾಹೇಬರು ಅವಳನ್ನು ನೋಡಿದರು, ಚೀಲವನ್ನು ನೋಡಿದರು, ಆಮೇಲೆ ಕುರ್ಚಿಯನ್ನು ಹೊತ್ತುಕೊಂಡು ಮಹಡಿ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದಲೂ ಟಣ್ ಟಣ್ ಕೇಳಿಸತೊಡಗಿತು.